ವಿಮುಕ್ತಸ್ಮೃತಿಭೋಗದೋಷ ವಿಚಾರ: ಶ್ರೀರಾಮನಗರದ ಗೋಣಿಚೀಲಗಳನ್ನು ಮುಂದಿಟ್ಟುಕೊಂಡು

ಗಂಗಾವತಿ ಸೀಮೆಯ ಶ್ರೀರಾಮನಗರದಲ್ಲಿ ಡ್ರೈವರ್ ಎಂದರೆ ಅಕ್ಕಿ ಗಿರಣಿಯ ಮುಂದೆ ಲಾರಿ ನಿಲ್ಲಿಸಿ, ಲೋಡಾಗುವವರೆಗೆ ಚಹಾ ಕುಡಿಯುವವನು. ಕಂಪ್ಯೂಟರಿನೊಳಗೂ ಒಬ್ಬ ಡ್ರೈವರ್ ಇದ್ದಾನೆ, ಪ್ರಿಂಟರು, ಕ್ಯಾಮೆರಾಗಳನ್ನು ಆಪರೇಟಿಂಗ್ ಸಿಸ್ಟಮ್ ಜೊತೆ ಮಾತಾಡಿಸುವುದು ಅವನ ಕಸುಬು ಎಂಬುದು ಪೂರ್ವಪಕ್ಷ. ಇಬ್ಬರ ಕಷ್ಟವೂ ಒಂದೇ ಎಂಬುದು ನಮ್ಮ ಸಿದ್ಧಾಂತ.

ದೋಷಲಕ್ಷಣ. ಡ್ರೈವರ್ ಕೆಲಸಕ್ಕೆಂದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಿಂದ ಮೆಮೊರಿ ಇಸಿದುಕೊಳ್ಳುತ್ತಾನೆ, ಗಿರಣಿಯಿಂದ ಗೋಣಿಚೀಲ ಇಸಿದುಕೊಂಡಂತೆ. ವಾಪಸ್ ಕೊಟ್ಟ ಮೇಲೂ ಅದೇ ಚೀಲಕ್ಕೆ ಕೈಹಾಕಿದರೆ ಅದು ವಿಮುಕ್ತಸ್ಮೃತಿಭೋಗ. ಅಷ್ಟರಲ್ಲಿ ಚೀಲ ಇನ್ನೊಬ್ಬರದಾಗಿರುತ್ತದೆ. ಸೋನಾ ಮಸೂರಿ ಎಂದು ಅನ್ನಕ್ಕಿಟ್ಟದ್ದು ಯೂರಿಯಾ ಆಗಿರಬಹುದು. ಒಂದೇ ಚೀಲವನ್ನು ಎರಡು ಸಲ ಕೊಟ್ಟೆನೆಂದು ಬರೆಸಿದರೆ ದ್ವಿರ್ಮೋಚನ: ಗುಮಾಸ್ತ ಅದನ್ನೇ ಇಬ್ಬರಿಗೆ ಹಂಚಿ ಕೂರುತ್ತಾನೆ.

ವಾಪಸ್ ಕೊಡದಿದ್ದರೆ 'ಸೋರಿಕೆ' ಎನ್ನುತ್ತಾರೆ. ಈ ಹೆಸರನ್ನು ಖಂಡಿಸುತ್ತೇವೆ. ಏನೂ ಸೋರುವುದಿಲ್ಲ, ಕೂತದ್ದು ಏಳುವುದಿಲ್ಲ, ಅಷ್ಟೆ. ಸರಿಯಾದ ಪದ ಹೂಳು. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ 105ರ ಆಸುಪಾಸಿಗೆ ಇಳಿದದ್ದು ಹೂಳಿನಿಂದ. ಹೂಳೆತ್ತುವ ಬದಲು ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟೋಣ ಎಂಬ ಪ್ರಸ್ತಾವಕ್ಕೆ ನಮ್ಮ ಶಾಸ್ತ್ರದಲ್ಲಿ 'ಇನ್ನೊಂದು ರ್‍ಯಾಮ್ ಹಾಕಿಸಿ' ಎಂದು ಹೆಸರು.

ನಿದಾನ. ದೋಷಶೋಧನೆಯ ವ್ಯವಸ್ಥೆ ಚಾಲೂ ಮಾಡಿದ ಲಿನಕ್ಸ್ ಕರ್ನೆಲ್ ವಾಪಸ್ ಬಂದ ಮೆಮೊರಿಗೆಲ್ಲ 6ಬಿ ಎಂಬ ಸಂಖ್ಯೆ ಬಳಿಯುತ್ತದೆ. ಅದು ರೋಮನ್ ಲಿಪಿಯ ಸಣ್ಣ 'ಕೆ' ಅಕ್ಷರದ ಸಂಕೇತವೂ ಹೌದು. ಕುಸಿದ ಯಂತ್ರದ ವರದಿಯಲ್ಲಿ 'ಕ ಕ ಕ ಕ' ಕಂಡರೆ ಪಿತೃಪಕ್ಷದ ಕಾಗೆ ಬಂದಿದೆ, ಯಾರೋ ಸತ್ತವರ ಎಡೆಗೆ ಕೈಹಾಕಿದ್ದಾರೆ ಎಂದು ತಿಳಿಯತಕ್ಕದ್ದು.

ಚಿಕಿತ್ಸೆ. 'ಕೆರೆಫ್' ಸಂಪ್ರದಾಯದವರು ಚೀಲ ಹಿಡಿದವರ ತಲೆ ಎಣಿಸಿ, ಕೊನೆಯವನು ಕೈಬಿಟ್ಟ ಮೇಲಷ್ಟೇ ಗೋದಾಮಿಗೆ ಸೇರಿಸುತ್ತಾರೆ. (ಇದಕ್ಕೂ ಕೆರೆಗೂ ನಂಟಿಲ್ಲ ಎಂಬುದು ವಿವಾದಾಸ್ಪದ.) 'ಡೆವ್‌ಎಂ' ಸಂಪ್ರದಾಯದಲ್ಲಿ ಲಾರಿ ಗೇಟು ದಾಟಿದೊಡನೆ ಚೀಲಗಳು ತಾವಾಗಿ ವಾಪಸ್. ಸೋಮಾರಿಗಳಿಗೆ ಅಮೃತ. ಆದರೆ ಯುಎಸ್‌ಬಿ ಕ್ಯಾಮೆರಾ ಕಿತ್ತ ಮೇಲೂ ಯಾವುದೋ ಪ್ರೋಗ್ರಾಂ ಅದರ ಫೈಲನ್ನು ತೆರೆದಿಟ್ಟುಕೊಂಡೇ ಇರುತ್ತದೆ: ಲಾರಿ ಹೋಯಿತು, ಚೀಟಿ ಹಿಡಿದ ಹಮಾಲ ಉಳಿದ. ಇಂಥಲ್ಲಿ ಎಣಿಕೆಯೇ ಗತಿ. 'ಸಂಜೆಗೆ ಬಾ' ಎಂದು ಕಳಿಸಿದ ಹಮಾಲನದು, ಅಂದರೆ ಡ್ರೈವರ್ ಮುಂದೂಡಿಟ್ಟ ಕೆಲಸದ್ದು, ಇನ್ನೂ ಅಪಾಯ. ಅವನ ಕೆಲಸ ಮೊದಲು ರದ್ದು ಮಾಡಬೇಕು, ಶುರುವಾಗಿದ್ದರೆ ಮುಗಿಯುವ ತನಕ ಕಾಯಬೇಕು, ಗೋದಾಮು ಬಿಟ್ಟುಕೊಡುವುದು ಆಮೇಲೆ. ನಾವು ಕಂಡ ಹೆಚ್ಚಿನ ರಿಪೇರಿ ಇಷ್ಟೇ: ಎರಡು ಸಾಲು ಅದಲುಬದಲು.

ಈಗಾಗಲೇ ಓದುತ್ತಿರುವವರೆಲ್ಲ ಮುಗಿಸುವ ತನಕ ಚೀಲ ಬಿಟ್ಟುಕೊಡದ 'ಆರ್‌ಸಿಯು' ಸಂಪ್ರದಾಯವನ್ನು ಎಡದಂಡೆ ಕಾಲುವೆಯ ರೈತನಿಗೆ ವಿವರಿಸಬೇಕಿಲ್ಲ. ಮೇಲೆ ನೀರು ನಿಲ್ಲಿಸಿದ ಗಳಿಗೆಯಲ್ಲೇ ಯಾರೂ ಕಾಲುವೆಗಿಳಿದು ಹಾರೆ ಹಾಕುವುದಿಲ್ಲ. ಹೊರಟ ನೀರು ಕೆಳಭಾಗ ಮುಟ್ಟಲಿ ಎನ್ನುತ್ತಾರೆ.

ಯಾರು ಎಷ್ಟು ಹೊತ್ತು ಚೀಲ ಹಿಡಿಯಬಹುದೆಂದು ಲಾರಿ ಹೊರಡುವ ಮುನ್ನವೇ ತಪಾಸಣೆ ಮಾಡುವ ರಸ್ಟ್ ಭಾಷೆಯನ್ನು ಲಿನಕ್ಸ್ 2022ರ ಡಿಸೆಂಬರಿನಲ್ಲಿ, 6.1ನೇ ಆವೃತ್ತಿಯಲ್ಲಿ, ಒಳಗೆ ಬಿಟ್ಟುಕೊಂಡಿತು. ಗುಣ ದೊಡ್ಡದು, ಹೆಸರು ಕೆಟ್ಟದ್ದು. ರಸ್ಟ್ ಎಂದರೆ ತುಕ್ಕು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದನ್ನು ಕಂಡ ಸೀಮೆಯಲ್ಲಿ ತುಕ್ಕನ್ನೇ ಕಾವಲಿಗಿಡಿ ಎಂದರೆ ಯಾರು ಒಪ್ಪುತ್ತಾರೆ?

ಈ ಪ್ರಬಂಧದ ಪ್ರತಿ ಪಡೆದವರು ಓದಿದ ಮೇಲೆ ಹಿಂದಿರುಗಿಸಬೇಕಾಗಿ ವಿನಂತಿ. ಒಂದೇ ಸಲ.