ಮೆಣಸಿನಕಾಯಿ ಮೀಮಾಂಸೆ: ಕಾಲ, ದೇಶ, ಮತ ಮತ್ತು ಖಾರ

ಕನ್ನಡದಲ್ಲಿ ಯಾವ ಕವಿಯನ್ನು ಕೈಗೆತ್ತಿಕೊಂಡರೂ ಮೊದಲು ಅವನ ಕಾಲ, ದೇಶ, ಮತ ಇತ್ಯರ್ಥವಾಗಬೇಕು; ಕಾವ್ಯದ ಸುದ್ದಿ ಆಮೇಲೆ, ಪುಟ ಉಳಿದರೆ. ಈ ಪ್ರಬಂಧವೂ ಹಿರಿಯರ ಅದೇ ದಾರಿ ಹಿಡಿದಿದೆ. ವಸ್ತು: ಬೆಂಗಳೂರಿನ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬೀಜದಿಂದ ಬೆಳೆದ ಒಂದು ಮೆಣಸಿನಗಿಡ. ಆಕರ: ಅಡುಗೆಮನೆಯ ಡಬ್ಬದಲ್ಲಿದ್ದ ಹನ್ನೊಂದು ಒಣಮೆಣಸಿನಕಾಯಿ. ಮಾರ್ಗದರ್ಶಕರು: ಇಲ್ಲ. ಆಕ್ಷೇಪಕರು: ಮನೆಮಂದಿಯೆಲ್ಲ.

ಮೊದಲು ದೇಶವಿಚಾರ. ಮೆಣಸಿನಕಾಯಿ ಅನಾದಿಯಿಂದ ನಮ್ಮದೇ ಎಂಬುದು ಪೂರ್ವಪಕ್ಷ. ಈ ಪಕ್ಷದ ಪ್ರಬಲ ಪ್ರತಿಪಾದಕರು ನಮ್ಮ ಅತ್ತೆ. "ಹಾಗಾದ್ರೆ ಭೀಮ ವಿರಾಟರಾಜನ ಮನೇಲಿ ಸಾರಿಗೆ ಏನು ಹಾಕ್ತಿದ್ದ?" ಎಂಬುದು ಅವರ ವಾದ. ಕಾಳುಮೆಣಸು ಹಾಕುತ್ತಿದ್ದ ಎಂಬುದು ಸಿದ್ಧಾಂತ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗೇರಿ 16ನೆಯ ಶತಮಾನದಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದಿಳಿಯಿತು. ಭಾಷೆಯ ಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. ಬಂದ ಬಾಡಿಗೆದಾರ 'ಮೆಣಸು' ಎಂಬ ಹೆಸರನ್ನೇ ಎತ್ತಿಕೊಂಡ. ಮನೆ ಯಜಮಾನ ತನ್ನ ಹೆಸರಿನ ಮುಂದೆ 'ಕಾಳು', 'ಕರಿ' ಎಂದೆಲ್ಲ ಹಚ್ಚಿಕೊಂಡು ಓಡಾಡಬೇಕಾಯಿತು. ಕರಾವಳಿಯವರು ಮಾತ್ರ ಹಳಬನ ಕೈಬಿಡದೆ ಅವನನ್ನು ಒಳ್ಳೆಮೆಣಸು ಎನ್ನುತ್ತಾರೆ, ತುಳುವಿನಲ್ಲಿ ಎಡ್ಡೆಮುಂಚಿ. ಹೊಸಬನ ನಡತೆಯ ಬಗ್ಗೆ ಅವರ ಅಭಿಪ್ರಾಯವೇನೆಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟನ್ನೂ ಅತ್ತೆಗೆ ನಿವೇದಿಸಿದೆ. ಉತ್ತರವಾಗಿ ಅವರು ಒಗ್ಗರಣೆ ಹಾಕಿದರು.

ಇದರಿಂದ ಅನುಮಾನಪ್ರಮಾಣಕ್ಕೆ ಒಂದು ಸೊಗಸಾದ ಉದಾಹರಣೆ ಒದಗಿತು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬೇಕೆಂದು ತಾರ್ಕಿಕರು ಹೇಳುತ್ತ ಬಂದಿದ್ದಾರೆ. ಅಷ್ಟು ದೂರ ಯಾಕೆ ಹೋಗಬೇಕು? ಹಜಾರದಲ್ಲಿ ಕೂತವನು ಮೂರು ಸಲ ಕೆಮ್ಮಿದರೆ ಬಾಣಲೆಗೆ ಮೆಣಸಿನಕಾಯಿ ಬಿತ್ತೆಂಬ ಜ್ಞಾನ ಕೂತಲ್ಲೇ ಸಿದ್ಧಿಸುತ್ತದೆ.

ಪ್ರತ್ಯಕ್ಷಪ್ರಮಾಣ ಬೀಜ ಬಿಡಿಸುವಾಗ ದೊರೆಯಿತು. ಹನ್ನೊಂದೂ ಕಾಯಿಯನ್ನು ಬರಿಗೈಯಲ್ಲಿ ಮುರಿದು, ಬೀಜವನ್ನು ಪೇಪರಿನ ಮೇಲೆ ಉದುರಿಸಿ, ಎಡಗಣ್ಣಿನ ಮೂಲೆ ತುರಿಸಿತೆಂದು ಉಜ್ಜಿಕೊಂಡೆ. ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕಿರುವುದು ಬರೀ ಸಹವಾಸದೋಷ. ಈ ಸೂಕ್ಷ್ಮ ನನಗೆ ಗೊತ್ತಿತ್ತಾದರೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಬಿಸಿ ತಗುಲಿದಾಗ ತೆರೆಯಬೇಕಾದ ನರದ ಬಾಗಿಲನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾನೇ ತಟ್ಟಿ ತೆರೆಸುತ್ತದೆ, ಅದಕ್ಕೇ ಸುಡದೆಯೂ ಸುಟ್ಟಂತಾಗುವುದು. ಆ ಬಾಗಿಲನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಅದೇ ಬಾಗಿಲನ್ನು ಸ್ವಂತ ಕಣ್ಣಿನಲ್ಲಿ ಪತ್ತೆ ಮಾಡಿದ ನನಗೆ ಸಿಕ್ಕಿದ್ದು ಒಂದು ಒದ್ದೆ ಬಟ್ಟೆ ಮತ್ತು "ಆಗ್ಲೇ ಬಡ್ಕೊಂಡೆನಲ್ರೀ" ಎಂಬ ಶಬ್ದಪ್ರಮಾಣ.

ಇನ್ನು ಕಾಲನಿರ್ಣಯ. ಈ ಕ್ಷೇತ್ರದಲ್ಲಿ ಎಡವಿದ ಮೊದಲ ಪಂಡಿತ ಲಿನೇಯಸ್. 1753ರಲ್ಲಿ ಈ ಗಿಡಕ್ಕೆ 'ಆ್ಯನ್ಯುಅಮ್', ಅಂದರೆ ಒಂದೇ ವರ್ಷ ಬಾಳುವಂಥದ್ದು, ಎಂದು ಹೆಸರಿಟ್ಟುಬಿಟ್ಟ. ಚಳಿ ಕೊಲ್ಲದ ಊರಿನಲ್ಲಿ ಅದು ಎರಡು ಮೂರು ವರ್ಷ ಸಲೀಸಾಗಿ ಬದುಕುತ್ತದೆ. ಎಡವಿದ ಎರಡನೆಯವನು ನಾನು. ಮೊಳಕೆಗೆ 25ರಿಂದ 30 ಡಿಗ್ರಿ ಶಾಖ ಬೇಕು. ನಾನು ಬಿತ್ತಿದ್ದು ಜನವರಿಯಲ್ಲಿ. ಮೊಸರಿನ ಡಬ್ಬದ ತಳಕ್ಕೆ ಕಾದ ಮೊಳೆಯಿಂದ ತೂತು ಹಾಕಿ, ತೆಂಗಿನನಾರಿನ ಪುಡಿ, ಎರೆಗೊಬ್ಬರ ತುಂಬಿ, ಅರ್ಧ ಸೆಂಟಿಮೀಟರ್ ಆಳಕ್ಕೆ ನಲವತ್ತು ಬೀಜ ಊರಿದೆ. ಹತ್ತು ದಿನ ಕಳೆದರೂ ಮಿಸುಕಾಡಲಿಲ್ಲ. ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗ ಯಾವುದೆಂದು ಕೈಯಿಟ್ಟು ಸರ್ವೇಕ್ಷಣೆ ನಡೆಸಿದಾಗ ಟಿವಿಯ ಸೆಟ್‌ಟಾಪ್ ಬಾಕ್ಸ್ ಗೆದ್ದಿತು. ತಟ್ಟೆಯಿಟ್ಟು ಡಬ್ಬವನ್ನು ಅದರ ಮೇಲೆ ಕೂರಿಸಿದೆ. ಅತ್ತೆಯ ಮೂರು ಧಾರಾವಾಹಿಗಳ ಕಾವು ಕುಡಿದು ಏಳನೆಯ ದಿನ ಬೆಳಗ್ಗೆ ಮಣ್ಣು ಬಿರಿದಿತ್ತು. ಒಳಗಿಂದ ಬಿಳಿ ಕೊಕ್ಕೆಯೊಂದು ಬೆನ್ನು ಮಾತ್ರ ತೋರಿಸಿ ನಿಂತಿತ್ತು. ಸಂಜೆಗೆ ತಲೆ ಎತ್ತಿತು. ಬೀಜದ ಸಿಪ್ಪೆ ಮಂಗನಟೋಪಿಯ ಹಾಗೆ ಎರಡೆಲೆಯ ತುದಿಗೆ ಸಿಕ್ಕಿಕೊಂಡಿತ್ತು. ಉಗುರಿನಿಂದ ಟೋಪಿ ತೆಗೆಯಹೋದೆ, ತಲೆಯೇ ಬಂತು. ಉಳಿದವುಗಳ ಟೋಪಿಯ ತಂಟೆಗೆ ಹೋಗಲಿಲ್ಲ.

ಹತ್ತೊಂಬತ್ತು ಸಸಿ ಎದ್ದವು. ದಿನಕ್ಕೆ ನಾಲ್ಕು ಸಲ ಭಕ್ತಿಯಿಂದ ನೀರೆರೆದೆ. ವಾರದೊಳಗೆ ಹದಿನಾಲ್ಕರ ಬುಡ ಕೊಳೆತು ಅಡ್ಡಬಿದ್ದವು. ಅವುಗಳ ವಂಶಚರಿತ್ರೆ ಇಲ್ಲಿಗೆ ಮುಗಿಯಿತು.

ಕುಂಡಕ್ಕೆ ಏರಿದ ಐದಕ್ಕೂ ಎಲೆ ಮುಟುರಿಕೊಂಡಿತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಥ್ರಿಪ್ಸ್ ನುಸಿ ರಸ ಹೀರುವುದೇ ಕಾರಣವೆಂದು ನಾನು, ಮೂರನೇ ಮನೆಯವರ ದೃಷ್ಟಿಯೇ ಕಾರಣವೆಂದು ಅತ್ತೆ. ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸಲು ಹೊರಟರು. ಮೆಣಸಿನಗಿಡದ ದೃಷ್ಟಿಯನ್ನು ಮೆಣಸಿನಕಾಯಿಯಿಂದಲೇ ತೆಗೆದರೆ ಅದು ಆತ್ಮಾಶ್ರಯದೋಷವಾಗುತ್ತದಲ್ಲವೆ ಎಂದು ಕೇಳಿದೆ. "ಪಕ್ಕಕ್ಕೆ ನಿಲ್ಲಪ್ಪ, ಕೆಂಡ ಇದೆ" ಎಂದರು. ಅದೇ ಸಂಜೆ ನಾನು ಬೇವಿನೆಣ್ಣೆ ಸಿಂಪಡಿಸಿದೆ. ಒಂದು ಗಿಡ ಬದುಕಿತು. ಯಾವುದರಿಂದ ಎಂಬುದು ವಿದ್ವಾಂಸರಲ್ಲಿ ಇಂದಿಗೂ ವಿವಾದಾಸ್ಪದ.

ಆ ಗಿಡ ತಲೆ ತಗ್ಗಿಸಿದ ಬಿಳಿ ಹೂ ಬಿಟ್ಟಿತು, ಉದುರಿಸಿತು, ಹುಳಿಮಜ್ಜಿಗೆಗೆ ಇಂಗು ಕದಡಿ ಚಿಮುಕಿಸಿದ ಮೇಲೆ ಎಂಟು ಕಾಯಿ ಹಿಡಿಯಿತು. ಮೊದಲು ಕೆಂಪಾದದ್ದನ್ನು ಪಿಕಳಾರ ಹಕ್ಕಿ ನುಂಗಿತು. ಹಕ್ಕಿಗೆ ಖಾರ ತಾಗುವುದಿಲ್ಲ, ಬೀಜವನ್ನು ಅದು ಅಗಿಯುವುದೂ ಇಲ್ಲ. ಕೃತಿಯ ಮರುಮುದ್ರಣ ಯಾರದೋ ತಾರಸಿಯಲ್ಲಿ ಆಗಿರಬಹುದು, ಗೌರವಪ್ರತಿಯ ನಿರೀಕ್ಷೆಯಿಲ್ಲ.

ಉಳಿದ ಏಳರ ಮತವೇನು? ಬ್ಯಾಡಗಿಯೋ, ಗುಂಟೂರೋ? ಬ್ಯಾಡಗಿಯೆಂದರೆ ಮೈತುಂಬ ಸುಕ್ಕು, ಕಡುಗೆಂಪು, ಖಾರ ಕಮ್ಮಿ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿದೆ. ಆದರೆ ನಮ್ಮ ಡಬ್ಬ, ಎಲ್ಲ ಗೃಹಸ್ಥರ ಡಬ್ಬದಂತೆ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸಿಟ್ಟದ್ದು. ಹನ್ನೊಂದರ ಬೀಜವೂ ಒಂದೇ ಪೇಪರಿನ ಮೇಲೆ ಬಿದ್ದಿತ್ತು. ಸಾಲದ್ದಕ್ಕೆ ಮೆಣಸಿನಗಿಡಗಳು ಹೊಲದಲ್ಲಿ ಜೇನ್ನೊಣದ ಮೂಲಕ ಒಂದರೊಡನೊಂದು ಬೆರೆಯುವಂಥವು. ಹಸ್ತಪ್ರತಿ ಶಾಸ್ತ್ರದಲ್ಲಿ ಇದನ್ನು ಪಾಠಸಂಕರ ಎನ್ನುತ್ತಾರೆ. ಒಣಗಿಸಿದರೆ ಸುಕ್ಕು ನೋಡಿ ನಿರ್ಧರಿಸಬಹುದಿತ್ತು, ಒಣಗಿಸಲು ಮನಸ್ಸಾಗಲಿಲ್ಲ. ಕುಂಡ, ಮಣ್ಣು, ಗೊಬ್ಬರ, ಬೇವಿನೆಣ್ಣೆ ಎಲ್ಲ ಸೇರಿ 640 ರೂಪಾಯಿ. ಅಂದರೆ ಕಾಯಿಗೆ 91 ರೂಪಾಯಿ 43 ಪೈಸೆ.

ಖಾರ ಅಳೆಯಲು ವಿಲ್ಬರ್ ಸ್ಕೋವಿಲ್ 1912ರಲ್ಲಿ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿಗೆ ಬೆರೆಸಿ, ತೆಳು ಮಾಡುತ್ತ ಮಾಡುತ್ತ ಐದು ಮಂದಿಗೆ ನೆಕ್ಕಿಸಿದ. ನಮ್ಮ ಮನೆಯಲ್ಲಿ ಐದು ನಾಲಗೆಗಳಿವೆ, ಒಂದೂ ಸಹಕರಿಸಲಿಲ್ಲ. ಹೀಗಾಗಿ ಬಾಹ್ಯ ಪರೀಕ್ಷಕರಾಗಿ ಬೀದಿಗೆ ಬರುವ ಸೊಪ್ಪಿನಮ್ಮನನ್ನು ಒಪ್ಪಿಸಿದೆ. ಆಕೆ ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು, ತೊಟ್ಟು ಕಿತ್ತು ಮೂಸಿದರು, ಕಚಕ್ಕನೆ ಅರ್ಧ ಕಚ್ಚಿ ಅಗಿದರು. ನಾನು ಹಾಲಿನ ಲೋಟ ಹಿಡಿದು ನಿಂತಿದ್ದೆ.

"ಖಾರನೇ ಇಲ್ವಲ್ಲ ಸಾಮಿ. ಬಜ್ಜಿಗಾದ್ರೂ ಹಾಕೋಣ ಅಂದ್ರೆ ದಪ್ಪನೂ ಇಲ್ಲ."

ಉಳಿದರ್ಧವನ್ನು ನನ್ನ ಅಂಗೈಗೆ ಹಾಕಿ ಹಾಲು ತಾವೇ ಕುಡಿದರು. ಒಂದು ಕಟ್ಟು ಕೊತ್ತಂಬರಿ ಕೊಂಡೆ. ಚೀಲದ ಬಾಯಿ ಮುಚ್ಚುವ ಮೊದಲು ಮೇಲೊಂದು ಹಿಡಿ ಹಸಿಮೆಣಸಿನಕಾಯಿ ಹಾಕಿದರು, ಕೊಸರು.