ವಾರಂಟಿ ರಾಯರು

ಎಳನೀರಿನ ಗಾಡಿಯ ಮುಂದೆ ನಿಂತು, ಇನ್ನೂ ಮಚ್ಚು ಏಳುವ ಮೊದಲೇ, "ಗಂಜಿ ಇಲ್ಲದಿದ್ರೆ ಬೇರೆ ಕೊಡ್ತೀಯೇನಪ್ಪ?" ಎಂದು ಕರಾರು ಮಾಡಿಕೊಳ್ಳುವ ಹಿರಿಯರೊಬ್ಬರು ನಿಮ್ಮ ಬಡಾವಣೆಯಲ್ಲೂ ಇದ್ದಾರು. ಹೊರಮಾವಿನಲ್ಲಿ ನಮ್ಮ ಪಾಲಿಗೆ ಬಂದವರು ಎದುರುಮನೆಯಲ್ಲೇ ಇದ್ದಾರೆ. ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರಿದೆ. ಆದರೆ ಹಾಲಿನವನಿಂದ ಹಿಡಿದು ಸ್ವಂತ ಮೊಮ್ಮಗನವರೆಗೆ ಎಲ್ಲರಿಗೂ ಅವರು ವಾರಂಟಿ ರಾಯರು.

ಟ್ಯೂಬ್‌ಲೈಟ್ ತಂದರೆ ಅದರ ತಗಡಿನ ತುದಿಯ ಮೇಲೆ ತಾರೀಕು ಗೀಚುತ್ತಾರೆ. ಮಿಕ್ಸಿಯ ರಟ್ಟಿನ ಡಬ್ಬ, ಒಳಗಿನ ಥರ್ಮೋಕೋಲ್, ಯಾವುದನ್ನೂ ಬಿಸಾಡಗೊಡುವುದಿಲ್ಲ. ಅಟ್ಟ ತುಂಬಿ, ಡಬ್ಬಗಳು ಈಗ ದೇವರ ಮನೆಯ ಬಾಗಿಲಿಗೆ ಬಂದು ನಿಂತಿವೆ. 2023ರಲ್ಲಿ ಸರ್ಕಾರ ಐದು ಗ್ಯಾರಂಟಿ ಕೊಡುತ್ತೇನೆಂದಾಗ ಬೀದಿಯವರೆಲ್ಲ ಇವರ ಮುಖ ನೋಡಿದರು. "ಷರತ್ತು ಓದದೆ ನಾನೇನೂ ಹೇಳಲ್ಲ" ಎಂದು ಒಳಗೆ ಹೋದರು.

ಅವರದೊಂದು ಹಸಿರು ರೆಕ್ಸಿನ್ ಫೈಲಿದೆ. ಈಚಿನ ಅಂಗಡಿ ಬಿಲ್ಲುಗಳೆಲ್ಲ ಶಾಖಕ್ಕೆ ಅಚ್ಚಾಗುವ ನುಣುಪು ಕಾಗದ ತಾನೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಹಾರಿಹೋಗಿ ಬಿಳಿ ಪಟ್ಟಿ ಉಳಿಯುತ್ತದೆ. ರಾಯರು ಆ ಬಿಳಿ ಪಟ್ಟಿಗಳನ್ನೂ ಬಿಟ್ಟಿಲ್ಲ. ಮೂಲೆಯಲ್ಲಿ ಪೆನ್ಸಿಲಿನಿಂದ 'ಇಸ್ತ್ರಿ ಪೆಟ್ಟಿಗೆ, ಅಳಿಸಿದೆ' ಎಂದು ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ನಾನು ಇದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕವನು. ಆಮೇಲೆ ನಮ್ಮ ಫ್ರಿಜ್ಜು ಕೆಟ್ಟು, ನನ್ನ ಬಿಲ್ಲು ಎಲ್ಲೂ ಸಿಗದೆ, ಕೊನೆಗೆ ಅದರ ಜೆರಾಕ್ಸು ಸಿಕ್ಕಿದ್ದು ಇದೇ ಹಸಿರು ಫೈಲಿನಲ್ಲಿ. ಕೊಂಡ ದಿನವೇ, ನಾನು ಬೇಡವೆಂದರೂ, ಮಾಡಿಸಿಟ್ಟಿದ್ದರು.

ಇಂಥ ಮನುಷ್ಯ ಹೋಗಿ ಹೋಗಿ ಗುದ್ದಿಸಿಕೊಂಡ ಸ್ಪೋರ್ಟ್ಸ್ ಕಾರು ಕೊಂಡರು.

ಅದೂ ಸ್ಯಾನ್ ಸ್ಟಾರ್ಮ್. ಮರೆತವರಿಗಾಗಿ ಹೇಳುತ್ತೇನೆ. ವೈಟ್‌ಫೀಲ್ಡ್ ರಸ್ತೆಯಲ್ಲಿ ರೈಲು ಎಂಜಿನ್ನು ಕಟ್ಟುತ್ತಿದ್ದ ಸ್ಯಾನ್ ಬಳಗದವರು 1998ರಲ್ಲಿ ಹೊರತಂದ ಎರಡೇ ಸೀಟಿನ, ಮಡಿಸುವ ಚಾವಣಿಯ ಪುಟ್ಟ ಕಾರು. ತಯಾರಾದದ್ದು ಗೋವಾದಲ್ಲಿ, ಎಂಜಿನ್ನು ಫ್ರಾನ್ಸಿನ ರೆನೋದ್ದು, 1,149 ಸಿಸಿ, ಮೈಯೆಲ್ಲ ಫೈಬರ್. ಅದನ್ನು ಮಾಡುವುದು ನಿಂತು ಎಷ್ಟೋ ವರ್ಷವಾಯಿತು. ಯಾವ ಕಾಲದಲ್ಲೋ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕೆಂಪು ಸ್ಟಾರ್ಮೊಂದು ರಾಯರ ಸ್ಕೂಟರನ್ನು ದಾಟಿ ಹೋಗಿತ್ತಂತೆ. ಲಾರಿಯ ಹಿಂಬದಿಗೆ ಮೂತಿ ಕೊಟ್ಟು ಹೆಣ್ಣೂರು ಕಡೆಯ ಶೆಡ್ಡಿನಲ್ಲಿ ಮಲಗಿದ್ದ ಈ ಕಾರನ್ನು ಕಂಡಾಗ ಅದೇ ನೆನಪಾಯಿತಂತೆ.

ಅವರ ಮನೆಯಲ್ಲಿ ಡಬ್ಬಗಳಿಂದಾಗಿ ಜಾಗವಿರಲಿಲ್ಲ. ಕಾರು ನನ್ನ ಪೋರ್ಟಿಕೋಗೆ ಬಂತು. "ಮೂರೇ ತಿಂಗಳು ಸಾರ್" ಎಂದರು. ಬರೆದು ಕೊಡಿ ಎನ್ನಲು ನನಗೆ ಹೊಳೆಯಲಿಲ್ಲ. ಈಗ ಮೂರನೇ ವರ್ಷ. ನನ್ನ ಕಾರು ಹೊಂಗೆ ಮರದ ಕೆಳಗೆ ಕಾಗೆಗಳ ಆಶೀರ್ವಾದದಲ್ಲಿದೆ.

ಗೊತ್ತಿಲ್ಲದೆ ಕೊಂಡರೇ ಎಂದರೆ ಅದೂ ಅಲ್ಲ. ಹೊಸ ಕಾರೇ ಆದರೂ ಗುದ್ದಿದ ಹಾನಿಗೆ ತಯಾರಕರ ವಾರಂಟಿ ಇಲ್ಲ, ಅದು ವಿಮೆಯ ಬಾಬ್ತು. ರಿಪೇರಿ ಖರ್ಚು ಘೋಷಿತ ಮೌಲ್ಯದ ಮುಕ್ಕಾಲು ಪಾಲು ದಾಟಿತೋ, ಟೋಟಲ್ ಲಾಸ್: ದುಡ್ಡು ಮಾಲೀಕನಿಗೆ, ಹೆಣ ಹರಾಜಿಗೆ. ಆ ಹೆಣವನ್ನು ಎಬ್ಬಿಸಿ ನಿಲ್ಲಿಸಿದವನಿಗೆ ಯಾರೂ ದಿಕ್ಕಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವರೇ ರಾಯರು. "ಸವಕಳಿ ರಬ್ಬರು ಪ್ಲಾಸ್ಟಿಕ್ಕಿಗೆ ಐವತ್ತು, ಫೈಬರಿಗೆ ಮೂವತ್ತು, ಗಾಜಿಗೆ ಸೊನ್ನೆ" ಎಂದು ಮಗ್ಗಿ ಒಪ್ಪಿಸುತ್ತಿದ್ದಾಗ ಒಳಗಿನಿಂದ ಅವರ ಹೆಂಡತಿ, "ಮೊಣಕಾಲಿಗೆ ಎಷ್ಟು ಹಾಕ್ತಾರೆ ಕೇಳಿ" ಎಂದರು.

ಇನ್ನು ಶಿವಾಜಿನಗರದ ಗುಜರಿಗೆ ಹೋದ ಕಥೆ. ಬೇಕಾಗಿದ್ದದ್ದು ಒಂದು ರೇಡಿಯೇಟರ್ ಫ್ಯಾನು. ಜೊತೆಗೆ ಬನ್ನಿ, ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು ತರೋಣ ಎಂದು ಆಸೆ ತೋರಿಸಿದ್ದರಿಂದ ಹೋದೆ. ಎಣ್ಣೆಮೆತ್ತಿದ ಸಂದಿಯಲ್ಲಿ, ಕಳಚಿಟ್ಟ ಬಾಗಿಲು ಬಂಪರುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದ ಅಂಗಡಿಯಾತ ಯಾವುದೋ ಕಾರಿನ ಫ್ಯಾನು ಎಳೆದು, ಎರಡು ತಂತಿ ಬ್ಯಾಟರಿಗೆ ಮುಟ್ಟಿಸಿ ಗಿರ್ರೆನ್ನಿಸಿದ. ಬೆಲೆಯೂ ಇಳಿಯಿತು. ನಾನು ಹಣ್ಣಿನ ಕಡೆ ಕಾಲು ತೆಗೆದಿದ್ದೆ.

"ವಾರಂಟಿ?" ಎಂದರು ರಾಯರು.

ಅಂಗಡಿಯಾತ ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

"ಮೆಟ್ಟಿಲು ಇಳಿಯೋತಂಕ ಐತೆ ಸಾರ್."

ನಗಬೇಕಿತ್ತು, ಅಥವಾ ಸಿಟ್ಟಾಗಬೇಕಿತ್ತು. ರಾಯರು ಎರಡೂ ಮಾಡದೆ ಜೇಬಿನಿಂದ ಪೆನ್ನು ತೆಗೆದು, "ಬರೆದು ಕೊಡಿ" ಎಂದರು. ಅಕ್ಕಪಕ್ಕದ ಅಂಗಡಿಯವರು ಸೇರಿದರು. ಯಾರೋ ಟೀ ತರಿಸಿದರು. ಯಾವ ಮೆಟ್ಟಿಲು, ಒಟ್ಟು ಎಷ್ಟು ಮೆಟ್ಟಿಲು, ಇಳಿಯುವುದೆಂದರೆ ಒಂದು ಕಾಲೋ ಎರಡು ಕಾಲೋ ಎಂಬ ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಸಿಗರೇಟು ಪ್ಯಾಕಿನ ಒಳಬದಿಗೆ 'ಫ್ಯಾನು 1, ವಾರಂಟಿ ಮೆಟ್ಟಿಲು ತನಕ' ಎಂದು ಬರೆದು ಸಹಿಯಾಯಿತು. ಸಾಕ್ಷಿಗೆ ನನ್ನದೂ ಸಹಿ. ರಾಯರು ಮೊದಲನೇ ಮೆಟ್ಟಿಲ ಮೇಲೇ ನಿಂತು, "ಇನ್ನೊಂದು ಸಲ ತಿರುಗಿಸಿ" ಎಂದರು. ತಿರುಗಿತು. ಹಣ್ಣು ಮರೆತೇ ಹೋಯಿತು. ಆ ಸಿಗರೇಟು ಪ್ಯಾಕು ಈಗ ಹಸಿರು ಫೈಲಿನಲ್ಲಿದೆ.

ಕೆಲಸದಲ್ಲಿ ಮಾತ್ರ ಅವರನ್ನು ಆಡಿಕೊಳ್ಳುವಂತಿಲ್ಲ. ಫೈಬರು ತಗಡಿನಂತೆ ತಗ್ಗಾಗುವುದಿಲ್ಲ, ಸೀಳುತ್ತದೆ. ಮ್ಯಾಟು ಹಾಸಿ ರೆಸಿನ್ ಬಳಿದು ಉಜ್ಜಿದರೆ ಎಲ್ಲ ಮುಚ್ಚಿಹೋಗಿ ಕಾರು ಹೊಸದಾಗಿ ಕಾಣುತ್ತದೆ. ಅದಕ್ಕೇ ರಾಯರಿಗೆ ಅನುಮಾನ ಇದ್ದದ್ದು ಕೆಳಗಿನ ಚಾಸಿಯ ಮೇಲೆ. ಒಂದು ಭಾನುವಾರ ಕಾರನ್ನು ಸಮಮಟ್ಟಕ್ಕೆ ಎತ್ತಿ ನಿಲ್ಲಿಸಿ, ಚಾಸಿಯ ನಾಲ್ಕು ಮೂಲೆಯ ತೂತುಗಳಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ಗುಂಡಿನ ಮೊನೆ ನಿಂತಲ್ಲಿ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ಆ ನಾಲ್ಕು ಗುರುತಿನ ನಡುವೆ ಮೂಲೆಯಿಂದ ಮೂಲೆಗೆ ದಾರ. ಎರಡೂ ದಾರ ಒಂದೇ ಅಳತೆ ಬಂದರೆ ಚಾಸಿ ನೆಟ್ಟಗಿದೆ. ಕಾರಿನಡಿ ಅಂಗಾತ ಮಲಗಿ ದಾರದ ತುದಿ ಹಿಡಿದವನು, ಒಗೆದ ಪಂಚೆಯುಟ್ಟಿದ್ದ ನಾನು. ಹನ್ನೊಂದು ಮಿಲಿಮೀಟರ್ ವ್ಯತ್ಯಾಸ ಬಂತು. "ಹನ್ನೊಂದು ತಾನೆ?" ಎಂದೆ. ಅವರು ಉತ್ತರ ಕೊಡದೆ ಮತ್ತೆ ಅಳೆದರು. ಹನ್ನೊಂದೇ. ನಾಲ್ಕು ತಿಂಗಳು ಅದನ್ನು ಎಳೆಸಿ, ಅಳೆದು, ಮತ್ತೆ ಎಳೆಸಿದರು. ಕಾರು ಇದುವರೆಗೆ ಓಡಿದ್ದು ಒಂದೇ ಸಲ, ಹೊರಮಾವು ಅಂಡರ್‌ಪಾಸಿನವರೆಗೆ. ವಾಪಸು ಬರುವಾಗ ತಳ್ಳಿದವರಲ್ಲಿ ನಾನೂ ಇದ್ದೆ. ತಳ್ಳುವಾಗ ನೆಟ್ಟಗೆ ಹೋಗುತ್ತಿತ್ತು, ಅಷ್ಟು ನಿಜ.

ಈ ಮನುಷ್ಯ ಹೀಗೇಕೆ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಕಳೆದ ತಿಂಗಳು ನಮ್ಮ ಸಂಪಿನ ಮೋಟಾರು ನಿಂತಿತು. ಮನೆ ಕೊಳ್ಳುವಾಗಲೇ ಇದ್ದ ಹಳೆಯ ಮೋಟಾರು. ಮೆಕ್ಯಾನಿಕ್ಕು ನೋಡಿ, ಗುಜರಿಗೆ ಹಾಕಿ ಅಂದ. ಸದ್ದು ಕೇಳಿ ಬಂದ ರಾಯರು ಬಗ್ಗಿ, ಮಸಿ ಹಿಡಿದ ತಗಡಿನ ಪಟ್ಟಿಯನ್ನು ಅಂಗಿಯ ತುದಿಯಿಂದಲೇ ಒರೆಸಿದರು. ಎನ್‌ಜಿಇಎಫ್, ಬೆಂಗಳೂರು.

"ಸಾರ್, ಇದು ನಮ್ದು" ಎಂದರು.

ಬೈಯಪ್ಪನಹಳ್ಳಿಯ ಆ ಸರ್ಕಾರಿ ಕಾರ್ಖಾನೆಯಲ್ಲಿ, ಜರ್ಮನಿಯ ಎಇಜಿಯವರು ಹೇಳಿಕೊಟ್ಟ ಶಿಸ್ತಿನಲ್ಲಿ, ರಾಯರು ಟೆಸ್ಟಿಂಗ್ ವಿಭಾಗದಲ್ಲಿದ್ದರಂತೆ. ಮೋಟಾರನ್ನು ಮೆಗ್ಗರಿಗೆ ಹಚ್ಚಿ, ಖಾಲಿ ಓಡಿಸಿ, ಕಿವಿಗೊಟ್ಟು ಕೇಳಿ, ಕಾಗದಕ್ಕೆ ಸಹಿ ಹಾಕುವ ಕೆಲಸ. 2002ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಸಹಿ ಹಾಕಿದ ಮೋಟಾರುಗಳು ಬಾವಿಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ತಿರುಗುತ್ತಲೇ ಇದ್ದವು. "ಕೆಟ್ರೆ ಅವರು ಯಾರನ್ನ ಕೇಳ್ಬೇಕು?" ಎಂದರು, ಬೋಲ್ಟು ಬಿಚ್ಚುತ್ತಾ.

ಎರಡು ದಿನ ನಮ್ಮ ಜಗುಲಿಯ ಮೇಲೇ ಕೂತು ಬೇರಿಂಗು ಬದಲಾಯಿಸಿದರು. ಸುಟ್ಟ ಸುರುಳಿಯನ್ನು ರಾಮಮೂರ್ತಿನಗರಕ್ಕೆ ಹೊತ್ತೊಯ್ದು ಹೊಸದಾಗಿ ಸುತ್ತಿಸಿದರು. ದುಡ್ಡು ಮುಟ್ಟಲಿಲ್ಲ. ಮೂರನೇ ದಿನ ಸ್ವಿಚ್ಚು ಹಾಕಿ, ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತರು. ಆಮೇಲೆ ಟರ್ಮಿನಲ್ ಬಾಕ್ಸಿನ ಮುಚ್ಚಳದ ಮೇಲೆ ತಾರೀಕು ಗೀಚಿದರು.

ಮೂರು ವರ್ಷದ ಸೇಡು ತೀರಿಸಿಕೊಳ್ಳಲು ಇಂಥ ಅವಕಾಶ ಇನ್ನೆಲ್ಲಿ? "ರಾಯರೇ, ವಾರಂಟಿ?" ಎಂದೆ.

"ಮೆಟ್ಟಿಲು ಇಳಿಯೋತಂಕ" ಎಂದು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸ್ಪ್ಯಾನರಿನ ಚೀಲ ಹಿಡಿದು ಹೊರಟರು. ನಮ್ಮ ಮನೆಗೆ ಏಳು ಮೆಟ್ಟಿಲು. ಆ ಮೊಣಕಾಲಿನಲ್ಲಿ ಒಂದೊಂದಕ್ಕೂ ಎರಡೂ ಕಾಲು ಊರಿ, ನಿಂತು, ಮೋಟಾರಿನ ಸದ್ದು ಕೇಳಿಕೊಂಡೇ ಇಳಿದರು. ಅಷ್ಟರಲ್ಲಿ ಮೇಲಿನ ಟ್ಯಾಂಕು ಅರ್ಧ ತುಂಬಿತ್ತು.