ಮುಂದಿನ ವರ್ಷ ಕಷ್ಟ ಸ್ವಾಮಿ

ನಮ್ಮ ಬೀದಿಯ ನೀಲಿ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಬೆಂಗಳೂರು ಎಫ್‌ಸಿಯ ನೀಲಿ ಫುಟ್‌ಬಾಲ್ ಜೆರ್ಸಿ ತೊಟ್ಟೇ ಹಾಲಿಗೂ ತರಕಾರಿಗೂ ಹೊರಡುವುದರಿಂದ ಆ ಹೆಸರು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ.

2019ರ ಮಾರ್ಚ್ 17ರ ರಾತ್ರಿ ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ, 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಚೆಂಡನ್ನು ಬಲೆಗೆ ಗುದ್ದಿದ. ಬೆಂಗಳೂರು ಮೊದಲ ಸಲ ಐಎಸ್‌ಎಲ್ ಚಾಂಪಿಯನ್. ಮರುದಿನ ರಾಯರು ಮೈಸೂರುಪಾಕ್ ಹಂಚಿದರು. ತುಂಡು ನನ್ನ ಬಾಯಿಗೆ ಹೋಗುವ ಮೊದಲೇ, "ಮುಂದಿನ ವರ್ಷ ಕಷ್ಟ ಸ್ವಾಮಿ" ಅಂದುಬಿಟ್ಟರು.

ಕಾರಣಗಳು ಬೆರಳ ತುದಿಯಲ್ಲೇ ಇದ್ದವು. ಕೋಲ್ಕತ್ತಾ ಎರಡು ಸಲ ಗೆದ್ದಿದೆ, ಚೆನ್ನೈ ಎರಡು ಸಲ ಗೆದ್ದಿದೆ, ಆದರೆ ಬಿಟ್ಟು ಬಿಟ್ಟು. ಐಎಸ್‌ಎಲ್‌ನಲ್ಲಿ ಬೆನ್ನುಬೆನ್ನಿಗೆ ಪಟ್ಟ ಕಟ್ಟಿಸಿಕೊಂಡವರೇ ಇಲ್ಲ. ನಾಯಕ ಛೆಟ್ರಿಗೆ ಆಗಸ್ಟಿಗೆ 35 ತುಂಬುತ್ತದೆ. ಕೆಲವೇ ದಿನಗಳಲ್ಲಿ ಸ್ಟ್ರೈಕರ್ ಮಿಕು ತಂಡ ಬಿಟ್ಟಾಗ ರಾಯರ ಮುಖದಲ್ಲಿ ದುಃಖಕ್ಕಿಂತ 'ನೋಡಿದ್ರಾ' ಎಂಬ ಕಳೆಯೇ ಹೆಚ್ಚಿತ್ತು.

ಹೊಸಬರು ಬೀಳುವ ಹಳ್ಳ ಇಲ್ಲೇ ಇರುವುದು. ಪಾಪ, ಮುದುಕರ ಮನಸ್ಸು ನೋಯಿಸುವುದೇಕೆಂದು "ಹೌದು ರಾಯರೇ, ಕಷ್ಟಾನೇ" ಅಂದರೆ ಮುಗಿಯಿತು. "ಏನ್ರೀ ಕಷ್ಟ? ಗುರ್‌ಪ್ರೀತ್‌ನಂಥ ಗೋಲ್‌ಕೀಪರ್ ಇನ್ಯಾವ ತಂಡದಲ್ಲಿದಾನೆ ತೋರಿಸ್ರೀ! ಪಟ್ಟಿಯಲ್ಲೂ ಮೊದಲು ನಿಂತು ಕಪ್ಪನ್ನೂ ಹೊತ್ತುಕೊಂಡು ಬಂದೋರು ನಮಗಿಂತ ಮುಂಚೆ ಯಾರ್ರೀ?" ಸರಿ, ನೀವು ಹೆದರಿ ದಾರಿ ಬದಲಿಸಿ "ಹಾಗಾದ್ರೆ ಮತ್ತೆ ನಮ್ದೇ ಬಿಡಿ" ಅನ್ನುತ್ತೀರಿ. ರಾಯರು ಎರಡೂ ಕೆನ್ನೆ ಬಡಿದುಕೊಂಡು, "ಬಿಡ್ತು ಅನ್ರೀ, ಬಿಡ್ತು ಅನ್ರೀ" ಎಂದು ಅಂಗಲಾಚುತ್ತಾರೆ. ತಂಡ ಸೋಲುತ್ತದೆ ಎನ್ನುವ ಹಕ್ಕು ಅವರೊಬ್ಬರದು. ಗೆಲ್ಲುತ್ತದೆ ಎನ್ನುವ ಹಕ್ಕು ಯಾರಿಗೂ ಇಲ್ಲ.

ಆರ್‌ಸಿಬಿಯವರಿಗೆ ಆಗ ಈ ಸಂಕಟವೇ ಇರಲಿಲ್ಲ. ಕಳೆದುಕೊಳ್ಳಲು ಪಟ್ಟವೇ ಇಲ್ಲದ್ದರಿಂದ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಎಂದು ಗಂಟಲು ಹರಿಯುವಂತೆ ಕೂಗಿ ಸುಖವಾಗಿದ್ದರು.

ರಾಯರ ಭಯಕ್ಕೆ ಹಳೆಯ ಗಾಯವೊಂದಿದೆ. ತಂಡ ಕಟ್ಟಿದ ಮೊದಲ ವರ್ಷವೇ, 2013-14ರಲ್ಲಿ, ಬೆಂಗಳೂರು ಐ-ಲೀಗ್ ಗೆದ್ದಿತ್ತು. ಮರುವರ್ಷ ಪಟ್ಟ ಉಳಿಯುವುದೋ ಹೋಗುವುದೋ ಎಂಬುದು ಕೊನೆಯ ಪಂದ್ಯಕ್ಕೆ ಬಂದು ನಿಂತಿತು. 2015ರ ಮೇ 31, ಕಂಠೀರವ, ಎದುರಿಗೆ ಮೋಹನ್ ಬಾಗಾನ್. ಅವರಿಗೆ ಡ್ರಾ ಸಾಕು, ನಾವು ಗೆಲ್ಲಲೇಬೇಕು. ಜಾನ್ ಜಾನ್ಸನ್ ಗೋಲು ಹೊಡೆದು ಮುನ್ನಡೆ ಕೊಟ್ಟಿದ್ದ. ಇನ್ನೇನು ಮುಗಿಯಿತು ಎನ್ನುವಾಗ ರಾಯರ ಪಕ್ಕದಲ್ಲಿದ್ದ ಯಾರೋ ಪುಣ್ಯಾತ್ಮ ಕಡಲೆಕಾಯಿ ಸಿಪ್ಪೆ ಕೊಡವುತ್ತಾ, "ಬನ್ನಿ ಸಾರ್, ಗೇಟಲ್ಲಿ ರಶ್ ಆಗುತ್ತೆ, ಕಪ್ಪು ನಮ್ದೇ" ಅಂದನಂತೆ. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್‌ನ ಹೆಡರ್. 1-1. ಕಪ್ಪು ಕೋಲ್ಕತ್ತಾ ರೈಲು ಹತ್ತಿತು. ನಮ್ಮ ಡಿಫೆಂಡರ್‌ಗಳನ್ನು ರಾಯರು ಎಂದೋ ಕ್ಷಮಿಸಿದ್ದಾರೆ, ಕಡಲೆಕಾಯಿಯವನನ್ನು ಇನ್ನೂ ಇಲ್ಲ.

2019-20ರ ಆಟ ಶುರುವಾಗಿದ್ದು ಮೂರು ಡ್ರಾಗಳಿಂದ. "ಸೋತಿಲ್ಲವಲ್ಲ" ಎಂದು ಸಮಾಧಾನ ಹೇಳಹೋದವರಿಗೆ ಬೈಗುಳ, "ಗೆದ್ದಿಲ್ಲವಲ್ಲ" ಅಂದವರಿಗೂ ಬೈಗುಳ. ಕುಂಟುತ್ತಾ ಎಡವುತ್ತಾ ಸೆಮಿಫೈನಲ್ ಬಂತು. ಕಂಠೀರವದಲ್ಲಿ ಕೋಲ್ಕತ್ತಾದ ಎಟಿಕೆ ವಿರುದ್ಧ 1-0. ಮಾರ್ಚ್ 8ರಂದು ಸಾಲ್ಟ್‌ಲೇಕ್‌ನಲ್ಲಿ ಎರಡನೇ ಪಂದ್ಯ. ಟಿವಿ ರಾಯರ ಮನೆಯಲ್ಲಿ. ಆರಂಭದಲ್ಲೇ ನಮ್ಮ ಆಶಿಕ್ ಗೋಲು ಹೊಡೆದ. ಒಟ್ಟು 2-0! ರಾಯರು ನನ್ನ ಕಡೆ ತಿರುಗಿ, ರೂಢಿಯಂತೆ, "ಕಷ್ಟ ಇದೆ" ಅಂದರು. ವರ್ಷವಿಡೀ ಪೆಟ್ಟು ತಿಂದು ಬುದ್ಧಿ ಕಲಿತಿದ್ದ ನಾನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಬೋಂಡಾ ತಿನ್ನುತ್ತಾ ಕೂತೆ.

ಆಮೇಲೆ ಎಟಿಕೆಯ ರಾಯ್ ಕೃಷ್ಣ ಒಂದು, ಡೇವಿಡ್ ವಿಲಿಯಮ್ಸ್ ಎರಡು. ಆ ಪಂದ್ಯ 3-1. ಪಟ್ಟ ಹೋಯಿತು.

ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಹೋಗ್ಲಿ ಬಿಡಿ ರಾಯರೇ, ನೀವು ಹೇಳಿದ ಹಾಗೇ ಆಯ್ತು" ಅಂದೆ.

"ನಾನು ಹೇಳೋದು ಹೇಳ್ದೆ ಕಣ್ರೀ" ಎಂದು ರಾಯರು ಸಿಡುಕಿದರು. "ನೀವು ಆ ಬೋಂಡಾ ಕೆಳಗಿಟ್ಟು, 'ಕಷ್ಟ ಏನಿಲ್ಲ' ಅಂತ ಒಂದು ಮಾತು ವಾದ ಮಾಡಬೇಕಿತ್ತೋ ಬೇಡ್ವೋ?"